ಒಂದೇ ಅಲೆಯ ದಿನ: ಧಾರವಾಡ ಬಾನುಲಿ ಮತ್ತು ಕೇಳುವ ಸಮಾಜ



ಇಂದಿನ ಉಪನ್ಯಾಸದ ವಿಷಯ ಬಾನುಲಿಯ ಒಂದು ದಿನ. 1950ರ ದಶಕದಲ್ಲಿ ಧಾರವಾಡ ನಿಲಯ ಬೆಳಗಿನಿಂದ ರಾತ್ರಿಯವರೆಗೆ ಏನೇನನ್ನು, ಯಾವ ಕ್ರಮದಲ್ಲಿ, ಯಾರಿಗಾಗಿ ಬಿತ್ತರಿಸುತ್ತಿತ್ತು ಎಂಬುದನ್ನು, ಅದೇ ಕಾಲಕ್ಕೆ ಲಂಡನ್ನಿನ ಬಿಬಿಸಿ ತನ್ನ ದಿನವನ್ನು ಹಂಚಿಕೊಂಡಿದ್ದ ಬಗೆಯ ಎದುರಿಗಿಟ್ಟು ನೋಡಬೇಕೆಂದಿದ್ದೇನೆ. ಬಾನುಲಿಯ ಮಾತು ಬಂದಾಗ ನಾವು ದೊಡ್ಡ ದನಿಗಳನ್ನು ನೆನೆಯುತ್ತೇವೆ, ಹೆಸರುವಾಸಿಯಾದ ನಾಟಕಗಳನ್ನು ನೆನೆಯುತ್ತೇವೆ. ಆ ದನಿಗಳು ಒಂದರ ಪಕ್ಕ ಒಂದು ಹೇಗೆ ಕೂತಿದ್ದವು ಎಂಬುದನ್ನು ಮಾತ್ರ ಯಾರೂ ಅಷ್ಟಾಗಿ ಗಮನಿಸಿಲ್ಲ. ನನ್ನ ವಾದವೆಲ್ಲ ಆ ಪಕ್ಕಪಕ್ಕದ ಕೂರಿಕೆಯ ಮೇಲೆ ನಿಂತಿದೆ. ಭಕ್ತಿಗೀತೆ, ವಾರ್ತೆ, ಪೇಟೆ ಧಾರಣೆ, ಖ್ಯಾಲ ಗಾಯನ, ಹೆಣ್ಣುಮಕ್ಕಳ ಕಾರ್ಯಕ್ರಮ, ಒಕ್ಕಲುತನದ ಮಾತು, ನಾಟಕ ಇವೆಲ್ಲ ಒಂದೇ ಅಲೆಯ ಮೇಲೆ ಒಂದಾದ ಮೇಲೊಂದು ಬಂದದ್ದರಿಂದ, ತಾವು ಬಯಸದೆ ಇದ್ದುದನ್ನೂ ಕೇಳುವ ಒಂದು ಸಮಾಜ ಮೂಡಲಗಿ, ಗೋಕಾಕ, ಹುಕ್ಕೇರಿಯ ಈ ಭಾಗದಲ್ಲಿ ರೂಪುಗೊಂಡಿತು. ಆ ಗುಣ ಈಗ ಕೈಬಿಟ್ಟು ಹೋಗುತ್ತಿದೆ. ಅದನ್ನು ಉಳಿಸಿಕೊಳ್ಳುವುದು ಸಾರ್ವಜನಿಕ ಕರ್ತವ್ಯ ಎಂದು ನಾನು ನಂಬಿದ್ದೇನೆ.

ದಿನದ ಕಾರ್ಯಕ್ರಮಗಳ ಪಟ್ಟಿ ಇತಿಹಾಸಕ್ಕೆ ಆಧಾರವಾಗಬಲ್ಲದೇ ಎಂದು ಕೇಳಬಹುದು. ಇಂಗ್ಲೆಂಡಿನಲ್ಲಿ ‘ರೇಡಿಯೋ ಟೈಮ್ಸ್’ 1923ರಿಂದ ಇಂಥ ಪಟ್ಟಿಗಳನ್ನು ಅಚ್ಚು ಮಾಡುತ್ತ ಬಂದಿತು. ನಮ್ಮಲ್ಲಿ ಆಲ್ ಇಂಡಿಯಾ ರೇಡಿಯೋದ ‘ದಿ ಇಂಡಿಯನ್ ಲಿಸನರ್’ ಪತ್ರಿಕೆ 1935ರ ಕೊನೆಯಿಂದ ಅದೇ ಕೆಲಸ ಮಾಡಿತು, 1958ರಲ್ಲಿ ‘ಆಕಾಶವಾಣಿ’ ಎಂದು ಹೆಸರು ಬದಲಿಸಿಕೊಂಡಿತು. ಅದರ ಪುಟಗಳಲ್ಲಿ ದೇಶದ ನಿಲಯಗಳ ದಿನಗಳು ಗಂಟೆ ನಿಮಿಷಗಳ ಸಮೇತ ಅಚ್ಚಾಗಿವೆ. ಹಾರಿಹೋದ ಸದ್ದನ್ನು ಮರಳಿ ಹಿಡಿಯಲಾಗದು. ಆ ಕಾಲದ ಧ್ವನಿಮುದ್ರಿಕೆಗಳಲ್ಲಿ ಉಳಿದದ್ದು ಕಡಿಮೆ. ಪಟ್ಟಿ ಮಾತ್ರ ಉಳಿದಿದೆ. ಒಂದು ಸಂಸ್ಥೆ ತನ್ನ ಕೇಳುಗರು ಯಾರೆಂದು ಬಗೆದಿತ್ತು, ಅವರ ಬದುಕಿನ ಯಾವ ಹೊತ್ತು ಯಾವುದಕ್ಕೆ ತಕ್ಕುದೆಂದು ತಿಳಿದಿತ್ತು, ಯಾರ ಮಾತಿಗೆ ಎಷ್ಟು ನಿಮಿಷದ ಬೆಲೆ ಕಟ್ಟಿತ್ತು ಎಂಬುದನ್ನು ಯಾವ ಭಾಷಣವೂ ಇಷ್ಟು ನೇರವಾಗಿ ಹೇಳಲಾರದು. ಹೀಗಾಗಿ ಕಾರ್ಯಕ್ರಮ ಪಟ್ಟಿಯನ್ನು ನಾನು ಆ ಸಂಸ್ಥೆಯ ಸಮಾಜದೃಷ್ಟಿಯ ದಾಖಲೆ ಎಂದು ಓದುತ್ತೇನೆ.

ಮೊದಲು ಲಂಡನ್ನಿನ ದಿನವನ್ನು ನೋಡೋಣ. ಯುರೋಪಿನಲ್ಲಿ ಎರಡನೆಯ ಮಹಾಯುದ್ಧ ಮುಗಿದ ಮೇಲೆ ಬಿಬಿಸಿ ತನ್ನ ಕೇಳುಗರಿಗಾಗಿ ಮೂರು ವಾಹಿನಿಗಳನ್ನು ಏರ್ಪಡಿಸಿತು. ಸುದ್ದಿ, ಭಾಷಣ, ಶಾಲಾ ಪಾಠಗಳಿಗೆ ಹೋಮ್ ಸರ್ವಿಸ್ ಇತ್ತು. 1945ರ ಜುಲೈನಲ್ಲಿ ಲೈಟ್ ಪ್ರೋಗ್ರಾಂ ಶುರುವಾಯಿತು. ಅದು ಹಗುರ ಸಂಗೀತ ಮತ್ತು ಮನರಂಜನೆಯದು. 1946ರ ಸೆಪ್ಟೆಂಬರಿನಲ್ಲಿ ಥರ್ಡ್ ಪ್ರೋಗ್ರಾಂ ಬಂತು. ಅದು ಶಾಸ್ತ್ರೀಯ ಸಂಗೀತ, ಕಾವ್ಯ, ತತ್ವಚಿಂತನೆಗೆ ಮೀಸಲಾಗಿ ಸಂಜೆಗೆ ತೆರೆಯುತ್ತಿತ್ತು. 1951ರ ಒಂದು ಸಾಮಾನ್ಯ ದಿನವನ್ನು ತೆಗೆದುಕೊಂಡರೆ, ಲೈಟ್ ಪ್ರೋಗ್ರಾಂನಲ್ಲಿ ಬೆಳಗಿಗೆ ಗೃಹಿಣಿಯರು ಬಯಸಿದ ಹಾಡುಗಳ ‘ಹೌಸ್‌ವೈವ್ಸ್ ಚಾಯ್ಸ್’, ಮಧ್ಯಾಹ್ನ ಎಳೆಯ ಮಕ್ಕಳಿಗೆ ‘ಲಿಸನ್ ವಿತ್ ಮದರ್’, ಅದರ ಬೆನ್ನಿಗೆ ‘ವಿಮೆನ್ಸ್ ಅವರ್’, ಸಂಜೆಗೆ ಹಳ್ಳಿಯ ಒಕ್ಕಲು ಕುಟುಂಬದ ಧಾರಾವಾಹಿ ‘ದಿ ಆರ್ಚರ್ಸ್’. ಆಗಿನ ಮಹಾನಿರ್ದೇಶಕ ವಿಲಿಯಂ ಹೇಲಿ ಈ ಮೂರು ವಾಹಿನಿಗಳನ್ನು ಪಿರಮಿಡ್ಡಿನ ಆಕಾರದಲ್ಲಿ ಕಲ್ಪಿಸಿಕೊಂಡಿದ್ದರು. ತಳದಲ್ಲಿ ಲೈಟ್, ನಡುವೆ ಹೋಮ್, ತುದಿಯಲ್ಲಿ ಥರ್ಡ್. ಹಗುರವಾದದ್ದನ್ನು ಕೇಳುತ್ತ ಕೂತವನು ಕಾಲಕ್ರಮದಲ್ಲಿ ಒಂದೊಂದೇ ಮೆಟ್ಟಿಲು ಏರಿ ಮೇಲಕ್ಕೆ ಬರುತ್ತಾನೆ ಎಂಬುದು ಅವರ ನಂಬಿಕೆ.

ಆ ನಂಬಿಕೆಯಲ್ಲಿ ಒಳ್ಳೆಯತನವಿತ್ತು. ಫಲ ಮಾತ್ರ ಬೇರೆಯಾಯಿತು. ಮೆಟ್ಟಿಲಿನ ನಡುವೆ ಗೋಡೆಗಳಿದ್ದವು. ಲೈಟ್ ಕೇಳುವವನಿಗೆ ತಾನು ಇರುವಲ್ಲೇ ದಿನವಿಡೀ ಬೇಕಾದ್ದು ಸಿಗುತ್ತಿದ್ದಾಗ ಅವನು ಗುಂಡಿ ತಿರುಗಿಸಿ ಥರ್ಡ್ ಪ್ರೋಗ್ರಾಂಗೆ ಹೋಗಬೇಕಾದ ಕಾರಣವೇ ಇರಲಿಲ್ಲ. ಥರ್ಡ್ ಪ್ರೋಗ್ರಾಂ ಕೇಳುಗರ ಬಹು ಸಣ್ಣ ಪಾಲಿನಲ್ಲೇ ನಿಂತಿತು; 1957ರಲ್ಲಿ ಅದರ ಹೊತ್ತನ್ನು ಕಡಿತ ಮಾಡಲಾಯಿತು. 1967ರ ಸೆಪ್ಟೆಂಬರಿನಲ್ಲಿ ವಾಹಿನಿಗಳು ರೇಡಿಯೋ ಒಂದು, ಎರಡು, ಮೂರು, ನಾಲ್ಕು ಎಂದು ಅಭಿರುಚಿಗೊಂದರಂತೆ ಬೇರೆ ಬೇರೆಯಾದವು. ಬಿಬಿಸಿಯನ್ನು ಕಟ್ಟಿದ ಜಾನ್ ರೀತ್ ಈ ವಿಂಗಡಣೆಯನ್ನು ಮೊದಲಿಂದಲೂ ಒಪ್ಪಿರಲಿಲ್ಲ. ಒಂದೇ ವಾಹಿನಿಯಲ್ಲಿ ಎಲ್ಲವೂ ಬೆರೆತಿರಬೇಕು, ಹಗುರ ಹಾಡಿಗೆ ಕಿವಿಗೊಟ್ಟವನಿಗೆ ಸಿಂಫನಿಯೂ ತಾನಾಗಿ ಎದುರಾಗಬೇಕು ಎಂಬುದು ಅವರ ಹಳೆಯ ನಿಲುವು. ರೀತ್ ಅವರ ಗರ್ವ, ಕಟ್ಟುನಿಟ್ಟು, ಮೇಲಿನಿಂದ ನೋಡುವ ಸ್ವಭಾವ ಎಲ್ಲವನ್ನೂ ಒಪ್ಪಿಕೊಂಡ ಮೇಲೂ ಈ ಒಂದು ವಿಷಯದಲ್ಲಿ ಅವರು ಕಂಡದ್ದು ನಿಜವಾಗಿತ್ತು.

ಈಗ ಧಾರವಾಡಕ್ಕೆ ಬರೋಣ. ಕನ್ನಡ ನಾಡಿನಲ್ಲಿ ಬಾನುಲಿ ಮೊದಲು ಮೊಳೆತದ್ದು ಮೈಸೂರಿನಲ್ಲಿ. ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಡಾ. ಎಂ. ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆಯಿಂದಲೇ 30 ವಾಟ್ ಶಕ್ತಿಯ ಪುಟ್ಟ ಯಂತ್ರದಲ್ಲಿ ಪ್ರಸಾರ ಆರಂಭಿಸಿದರು. ಆ ದನಿ ಕೃಷ್ಣಾ, ಘಟಪ್ರಭಾ ತೀರಕ್ಕೆ ತಲುಪುವಂಥದ್ದಾಗಿರಲಿಲ್ಲ. ಈ ಭಾಗ ಆಗ ಮುಂಬಯಿ ಪ್ರಾಂತದಲ್ಲಿತ್ತು. ಕನ್ನಡಿಗರು ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗು ಎಂದು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದರು. ಇಂಥ ಹೊತ್ತಿನಲ್ಲಿ, 1950ರ ಜನವರಿ 8ರಂದು, ಗಣರಾಜ್ಯ ಜಾರಿಗೆ ಬರಲು ಇನ್ನೂ ಹದಿನೆಂಟು ದಿನ ಇರುವಾಗ ಧಾರವಾಡ ನಿಲಯ ತೆರೆಯಿತು. ಆಗ ಕೇಂದ್ರದಲ್ಲಿ ವಾರ್ತಾ ಮತ್ತು ಪ್ರಸಾರ ಖಾತೆ ಧಾರವಾಡದವರೇ ಆದ ರಂಗರಾವ್ ದಿವಾಕರರ ಕೈಯಲ್ಲಿತ್ತು. ಕರ್ನಾಟಕದ ಏಕೀಕರಣವಾದದ್ದು 1956ರ ನವೆಂಬರ್ 1ರಂದು. ಅಂದರೆ ಆರು ವರ್ಷಕ್ಕೂ ಹೆಚ್ಚು ಕಾಲ, ನಕ್ಷೆಯಲ್ಲಿ ಇನ್ನೂ ಒಂದಾಗದ ಕನ್ನಡಿಗರು ಕೇಳುವುದರಲ್ಲಿ ಒಂದಾಗಿದ್ದರು. ಮುಂಬಯಿ ಪ್ರಾಂತದ ಗೋಕಾಕಿನವನಿಗೂ, ಗಡಿಯಾಚೆ ಹೈದರಾಬಾದ್ ರಾಜ್ಯದ ಕನ್ನಡದ ಹಳ್ಳಿಯವನಿಗೂ ಒಂದೇ ಹೊತ್ತಿಗೆ ಒಂದೇ ಕನ್ನಡ ಮಾತು ಮುಟ್ಟುವ ಸಾಧ್ಯತೆ ಆಗ ಹುಟ್ಟಿತು.

ಧಾರವಾಡದ ಬಳಿ ಬಿಬಿಸಿಯ ಹಾಗೆ ಮೂರು ವಾಹಿನಿಗಳನ್ನು ನಡೆಸುವ ಹಣವಾಗಲಿ, ಯಂತ್ರಗಳಾಗಲಿ ಇರಲಿಲ್ಲ. ಇದ್ದದ್ದು ಮಧ್ಯಮ ತರಂಗದ ಒಂದು ವಾಹಿನಿ. ಎಲ್ಲ ಬಗೆಯ ಜನರನ್ನೂ ಅದರ ಮೇಲೇ ಕೂರಿಸಬೇಕಾಗಿತ್ತು. ಬೆಳಗಿನ ಪ್ರಸಾರ ಮಂಗಳವಾದ್ಯ, ಭಕ್ತಿಗೀತೆಗಳಿಂದ ಮೊದಲಾಗಿ ವಾರ್ತೆಗೆ ಬಂದು ಶಾಸ್ತ್ರೀಯ ಸಂಗೀತಕ್ಕೆ ಹೊರಳುತ್ತಿತ್ತು. ಮಧ್ಯಾಹ್ನದ ಹೊತ್ತು ಮನೆಯಲ್ಲಿರುವ ಹೆಣ್ಣುಮಕ್ಕಳದು, ಶಾಲೆಯ ಮಕ್ಕಳದು. ಸಂಜೆಗೆ ಹೊಲದಿಂದ ಮರಳಿದವರಿಗೆ ಗ್ರಾಮೀಣ ಕಾರ್ಯಕ್ರಮ, ಹವಾಮಾನ, ಪೇಟೆ ಧಾರಣೆ. ರಾತ್ರಿಗೆ ಭಾಷಣ, ನಾಟಕ ಅಥವಾ ರೂಪಕ, ಕೊನೆಗೆ ಮತ್ತೆ ಸಂಗೀತ. ನಡುವೆ ದಿಲ್ಲಿಯಿಂದ ಬರುವ ವಾರ್ತೆಗಳು. ಬೆಲ್ಲದ ಧಾರಣೆಗಾಗಿ ಕಿವಿ ತೆರೆದ ವ್ಯಾಪಾರಿಗೆ ಅದರ ಹಿಂದೆಯೋ ಮುಂದೆಯೋ ಒಂದು ವಚನವೋ ಒಂದು ಆರೋಗ್ಯದ ಮಾತೋ ಬೀಳುತ್ತಿತ್ತು. ನಾಟಕಕ್ಕೆ ಕಾದು ಕೂತ ತರುಣನಿಗೆ ಅದಕ್ಕೂ ಮೊದಲಿನ ಭಾಷಣ ತಪ್ಪುತ್ತಿರಲಿಲ್ಲ. ಈ ಬೆರಕೆಯನ್ನು ಯಾರೂ ತತ್ವವೆಂದು ಯೋಚಿಸಿ ತಂದದ್ದಲ್ಲ, ಬಡತನದಿಂದ ಬಂದದ್ದು. ಆದರೆ ಬಡತನ ತಂದ ಕ್ರಮವೇ ಒಂದು ಸಾಮಾಜಿಕ ಗುಣವನ್ನು ಹುಟ್ಟಿಸಿತು ಎಂಬುದಕ್ಕೆ ಮೂರು ಕ್ಷೇತ್ರಗಳಿಂದ ಆಧಾರ ಕೊಡುತ್ತೇನೆ.

ಮೊದಲನೆಯದು ಸಂಗೀತ. ಈ ಸೀಮೆಯ ಹಿಂದುಸ್ತಾನಿ ಸಂಗೀತ ಬೆಳೆದದ್ದು ದಕ್ಷಿಣ ಮಹಾರಾಷ್ಟ್ರದ ಮತ್ತು ಉತ್ತರ ಕರ್ನಾಟಕದ ಸಂಸ್ಥಾನಗಳ ಆಶ್ರಯದಲ್ಲಿ. ಅಲ್ಲಾದಿಯಾ ಖಾನರು ಕೊಲ್ಲಾಪುರದ ಆಸ್ಥಾನದಲ್ಲಿದ್ದರು, ಅಬ್ದುಲ್ ಕರೀಂ ಖಾನರು ಮಿರಜದಲ್ಲಿ ನೆಲೆಸಿದ್ದರು. 1948ರಲ್ಲಿ ಸಾಂಗಲಿ, ಮಿರಜ, ಜಮಖಂಡಿ, ಮುಧೋಳ, ರಾಮದುರ್ಗ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. 1949ರಲ್ಲಿ ಕೊಲ್ಲಾಪುರವೂ ಸೇರಿತು. ಆಸ್ಥಾನದ ಆಸರೆ ಕಳಚಿದ ಮರುವರ್ಷವೇ ಧಾರವಾಡ ನಿಲಯ ಹುಟ್ಟಿದ್ದನ್ನು ಗಮನಿಸಬೇಕು. ಮಲ್ಲಿಕಾರ್ಜುನ ಮನಸೂರರು ಆ ನಿಲಯಕ್ಕೆ ಸಂಗೀತ ಸಲಹೆಗಾರರಾದರು. ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು ಅವರ ಗಾಯನ ಅಲ್ಲಿಂದ ಮನೆಮನೆಗೆ ಹೋಯಿತು. ದರಬಾರಿನ ಸಂಗೀತ ಆಮಂತ್ರಣ ಇದ್ದವರಿಗೆ ಮಾತ್ರ. ಬಾನುಲಿಯ ಸಂಗೀತ ಆಮಂತ್ರಣ ಕೇಳುವುದಿಲ್ಲ. ಅದು ಬೇರೆಯೇ ವಾಹಿನಿಯಲ್ಲಿ, ರಸಿಕರಿಗೆಂದೇ ಮೀಸಲಾಗಿ ಬಂದಿದ್ದರೆ ರಸಿಕರ ಮನೆಯಲ್ಲೇ ಉಳಿಯುತ್ತಿತ್ತು. ವಾರ್ತೆಗೂ ಭಜನೆಗೂ ಮಗ್ಗುಲಲ್ಲಿ ಬಂದದ್ದರಿಂದ ರಾಗದ ಹೆಸರು ತಿಳಿಯದವನ ಕಿವಿಯಲ್ಲೂ ರಾಗ ಮನೆಮಾಡಿತು. ಈ ಭಾಗದ ಹಳ್ಳಿಗಳ ಭಜನಾ ಮೇಳಗಳಲ್ಲಿ ಇವತ್ತಿಗೂ ಹಿಂದುಸ್ತಾನಿ ರಾಗಗಳ ಛಾಯೆ ದಟ್ಟವಾಗಿರುವುದಕ್ಕೆ ಮಠಗಳು, ನಾಟಕ ಕಂಪನಿಗಳು ಕಾರಣ. ಬಾನುಲಿಯೂ ಆ ಕಾರಣಗಳಲ್ಲಿ ಒಂದೆಂದು ಸೇರಿಸಿ ಹೇಳಬೇಕಾಗುತ್ತದೆ.

ಎರಡನೆಯದು ಒಕ್ಕಲುತನ. ಇಲ್ಲಿ ಇಂಗ್ಲೆಂಡಿನ ಉದಾಹರಣೆ ನಮಗೆ ನೆರವಾಗುತ್ತದೆ. ಯುದ್ಧಾನಂತರದ ಬ್ರಿಟನ್ನಿನಲ್ಲಿ ಆಹಾರದ ರೇಷನ್ 1954ರವರೆಗೂ ಇತ್ತು. ಇಳುವರಿ ಹೆಚ್ಚಿಸುವ ವಿಧಾನಗಳನ್ನು ಸಣ್ಣ ರೈತರಿಗೆ ಮುಟ್ಟಿಸುವುದು ಹೇಗೆಂದು 1948ರಲ್ಲಿ ಬರ್ಮಿಂಗ್ಹ್ಯಾಮಿನಲ್ಲಿ ರೈತರೊಂದಿಗೆ ಒಂದು ಸಭೆ ನಡೆಯಿತು. ಆಗ ಜನಪ್ರಿಯವಾಗಿದ್ದ ಪತ್ತೇದಾರಿ ಧಾರಾವಾಹಿಯಷ್ಟೇ ಕುತೂಹಲ ಹುಟ್ಟಿಸುವ ಕೃಷಿಯ ಕತೆ ಬೇಕೆಂದು ಅಲ್ಲಿ ಒಬ್ಬ ರೈತ ಹೇಳಿದ. ಬಿಬಿಸಿಯ ಗಾಡ್‌ಫ್ರೀ ಬೇಸ್ಲಿ ಆ ಮಾತನ್ನು ಹಿಡಿದು ‘ದಿ ಆರ್ಚರ್ಸ್’ ಕಟ್ಟಿದರು; 1951ರ ಜನವರಿ 1ರಿಂದ ಅದು ದೇಶಕ್ಕೆಲ್ಲ ಕೇಳಿಸಿತು. ನಮ್ಮಲ್ಲಿ ಬಾನುಲಿಯ ಗ್ರಾಮೀಣ ಕಾರ್ಯಕ್ರಮಗಳು ಉಪದೇಶವನ್ನು ಮಾತುಕತೆಯ ರೂಪಕ್ಕೆ ಇಳಿಸಿದ್ದು ಇದೇ ತಿಳಿವಳಿಕೆಯಿಂದ. ಇನ್ನೊಂದು ಆಧಾರ ನಮ್ಮ ಮಗ್ಗುಲಿನದೇ. 1956ರಲ್ಲಿ ಯುನೆಸ್ಕೊ ನೆರವಿನಿಂದ ಪುಣೆಯನ್ನು ಕೇಂದ್ರವಾಗಿಟ್ಟುಕೊಂಡು ಬಾನುಲಿ ರೈತಕೂಟಗಳ ಪ್ರಯೋಗ ನಡೆಯಿತು. ಹುಕ್ಕೇರಿಯ ನೆರೆಯ ಕೊಲ್ಲಾಪುರ ಜಿಲ್ಲೆಯೂ ಅದರಲ್ಲಿತ್ತು. ಹಳ್ಳಿಯವರು ಕೂಡಿ ಕಾರ್ಯಕ್ರಮ ಕೇಳುವುದು, ಕೇಳಿದ್ದನ್ನು ಚರ್ಚಿಸುವುದು, ಚರ್ಚಿಸಿದ್ದನ್ನು ಮಾಡಿ ನೋಡುವುದು ಅದರ ಕ್ರಮ. ಆ ಪ್ರಯೋಗದ ಫಲವನ್ನು ಪರಿಶೀಲಿಸಿದ ಪಾಲ್ ನ್ಯೂರತ್ ಅವರ ಅಧ್ಯಯನ ಕಂಡುಕೊಂಡದ್ದೇನೆಂದರೆ, ಬರಿಯ ಬಾನುಲಿ ಇದ್ದ ಹಳ್ಳಿಗಳಿಗಿಂತ ಕೂಡಿ ಕೇಳಿ ಚರ್ಚಿಸಿದ ಹಳ್ಳಿಗಳಲ್ಲಿ ತಿಳಿವಳಿಕೆ ಬಹಳ ಹೆಚ್ಚಿತು. ಓದು ಬಾರದವರೂ ಅದರಲ್ಲಿ ಹಿಂದೆ ಬೀಳಲಿಲ್ಲ. ಆ ಪ್ರಯೋಗದ ಮೇಲೆಯೇ 1959ರಿಂದ ದೇಶದ ಉಳಿದೆಡೆಗಳಲ್ಲೂ ಇಂಥ ಕೂಟಗಳನ್ನು ಏರ್ಪಡಿಸಲಾಯಿತು.

ಆ ದಶಕಗಳಲ್ಲಿ ರೈತನಿಗೆ ಬೇಕಾಗಿದ್ದ ತಿಳಿವಳಿಕೆಯೂ ಹೊಸ ಬಗೆಯದು. 1964ರಲ್ಲಿ ಹೈಬ್ರಿಡ್ ಜೋಳದ ಮೊದಲ ತಳಿ ಸಿಎಸ್ಎಚ್-1 ಬಿಡುಗಡೆಯಾಯಿತು. 1972ರಲ್ಲಿ ಧಾರವಾಡದ ಸಂಶೋಧನಾ ಕೇಂದ್ರದಲ್ಲಿ ಡಾ. ಬಿ. ಎಚ್. ಕಟರಕಿ ಅವರು ವರಲಕ್ಷ್ಮಿ ಹತ್ತಿ ತಳಿಯನ್ನು ಕೊಟ್ಟರು. ಅದರ ಬೀಜೋತ್ಪಾದನೆಗೆ ಹೂವಿನ ಕೇಸರ ಕಿತ್ತು ಕೈಯಿಂದ ಪರಾಗ ಮುಟ್ಟಿಸುವ ನಾಜೂಕು ಕೆಲಸ ಬೇಕು. ಘಟಪ್ರಭೆಯ ಕಾಲುವೆ ನೀರು ಬಂದಲ್ಲಿ ಕಬ್ಬು ಬಂತು, ಕಬ್ಬಿನ ಜೊತೆಗೆ ಗೊಬ್ಬರದ ಲೆಕ್ಕ, ನೀರಿನ ಲೆಕ್ಕ ಬಂತು. ಅಜ್ಜನಿಂದ ಕಲಿತ ವಿದ್ಯೆ ಇಲ್ಲಿ ಸಾಲದು. ಕೃಷಿ ವಿಜ್ಞಾನಿ ಪ್ರತಿ ಹಳ್ಳಿಗೂ ಹೋಗಲಾರ. ತಮಿಳುನಾಡಿನ ತಂಜಾವೂರು ಸೀಮೆಯಲ್ಲಿ ತಿರುಚಿರಾಪಳ್ಳಿ ನಿಲಯದಿಂದ ಪ್ರಚಾರ ಪಡೆದ ಎಡಿಟಿ-27 ಭತ್ತವನ್ನು ಜನ ‘ರೇಡಿಯೋ ಅಕ್ಕಿ’ ಎಂದೇ ಕರೆದರು. ಹೊಸ ತಳಿಗೆ ಅದನ್ನು ತಂದುಕೊಟ್ಟ ಯಂತ್ರದ ಹೆಸರು ಇಡಬೇಕಾದರೆ ಆ ಯಂತ್ರದ ಮೇಲೆ ರೈತನಿಗೆ ಎಷ್ಟು ನಂಬಿಕೆ ಇದ್ದಿರಬೇಕು! ನನ್ನ ವಾದಕ್ಕೆ ಮುಖ್ಯವಾದ ಅಂಶ ಇನ್ನೊಂದಿದೆ. ಕೃಷಿಯ ಮಾತು ರೈತರ ಪ್ರತ್ಯೇಕ ವಾಹಿನಿಯಲ್ಲಿ ಬರಲಿಲ್ಲ. ಶಿಕ್ಷಕ, ಗಿರಣಿಯ ಕೆಲಸಗಾರ, ಅಂಗಡಿಕಾರ, ಗುಮಾಸ್ತ ಎಲ್ಲರೂ ಅದನ್ನು ಕೇಳಿದರು. ಗೋಕಾಕ ಜಲಪಾತದ ಬಳಿಯ ನೂಲಿನ ಗಿರಣಿಯವನಿಗೆ ಹತ್ತಿಯ ಕೀಟದ ಸುದ್ದಿ ತಿಳಿಯಿತು. ಹತ್ತಿ ಬೆಳೆಯುವವನಿಗೆ ಗಿರಣಿ ಕಾರ್ಮಿಕರ ಕಾರ್ಯಕ್ರಮ ಕೇಳಿಸಿತು. ಒಬ್ಬರ ಕಷ್ಟ ಇನ್ನೊಬ್ಬರ ತಿಳಿವಿಗೆ ಬರುವುದೇ ಸಮಾಜ ಎನಿಸಿಕೊಳ್ಳುವುದರ ಮೊದಲ ಹೆಜ್ಜೆ.

ಮೂರನೆಯದು ನುಡಿ. ಬೇಂದ್ರೆಯವರು ಧಾರವಾಡ ನಿಲಯದ ಸಾಹಿತ್ಯ ಸಲಹೆಗಾರರಾಗಿದ್ದರು. ಎನ್ಕೆ ಎಂದೇ ಪರಿಚಿತರಾದ ಎನ್. ಕೆ. ಕುಲಕರ್ಣಿಯವರು ಅಲ್ಲಿ ಕೆಲಸ ಮಾಡಿದರು. ಗ್ರಾಂಥಿಕ ಕನ್ನಡದ ವಾರ್ತೆ, ಮೈಸೂರು ಕಡೆಯ ಬರಹಗಾರರ ಭಾಷಣ, ಉತ್ತರ ಕರ್ನಾಟಕದ ಆಡುನುಡಿಯ ನಾಟಕ ಇವು ಒಂದೇ ಸಂಜೆಯಲ್ಲಿ ಎದುರುಬದುರಾದವು. ಯಾವುದೇ ಆಜ್ಞೆಯಿಲ್ಲದೆ ಕನ್ನಡದ ಬಗೆಬಗೆಗಳು ಒಂದನ್ನೊಂದು ಅರಿತವು. ನಮ್ಮ ಸೀಮೆ ನುಡಿಯಲ್ಲಿ ಬಡವಾದದ್ದಲ್ಲ. ಶ್ರೀಕೃಷ್ಣ ಪಾರಿಜಾತಕ್ಕೆ ಇಂದಿನ ಆಟದ ರೂಪ ಕೊಟ್ಟ ತಮ್ಮಣ್ಣ ಕುಲಗೋಡದವನು; ಆ ಆಟದಲ್ಲಿ ಹೆಸರು ಮಾಡಿದ ನಿಂಗಮ್ಮ ಕೌಜಲಗಿಯವಳು. ಜನಪದ ಗೀತೆಯ ದನಿಯನ್ನು ಹೊಸ ಕಾವ್ಯಕ್ಕೆ ತಂದ ಆನಂದಕಂದ ಬೆಟಗೇರಿ ಕೃಷ್ಣಶರ್ಮರು ಇದೇ ಗೋಕಾಕ ಸೀಮೆಯ ಬೆಟಗೇರಿಯವರು. ಕಾದಂಬರಿಕಾರ ಬಸವರಾಜ ಕಟ್ಟೀಮನಿ ಮಲಾಮರಡಿಯವರು. ಗಡಿಯಲ್ಲಿರುವ ನಮಗೆ ಇನ್ನೊಂದು ಲಾಭವೂ ಆಯಿತು. 1953ರಲ್ಲಿ ಪುಣೆ, 1963ರಲ್ಲಿ ಸಾಂಗಲಿ ನಿಲಯಗಳು ತೆರೆದ ಮೇಲೆ ಹುಕ್ಕೇರಿ, ಸಂಕೇಶ್ವರದ ಕಡೆಯ ಕೇಳುಗರಿಗೆ ಕನ್ನಡ, ಮರಾಠಿ ಎರಡೂ ಒಂದೇ ಪೆಟ್ಟಿಗೆಯಲ್ಲಿ ಸಿಕ್ಕವು. ರಾಜಕೀಯ ವೇದಿಕೆಗಳಲ್ಲಿ ಎರಡು ನುಡಿಗಳು ಜಗಳಕ್ಕೆ ನಿಂತಿದ್ದ ಕಾಲದಲ್ಲಿ ಮನೆಯೊಳಗೆ ಅವು ನೆರೆಹೊರೆಯಾಗಿಯೇ ಇದ್ದವು.

ಈ ವಾದಕ್ಕೆ ಎದುರಾಗಿ ಗಟ್ಟಿಯಾದ ಆಕ್ಷೇಪಗಳಿವೆ. ಮೊದಲನೆಯದು ಸಿನಿಮಾ ಹಾಡಿನದು. 1952ರಲ್ಲಿ ವಾರ್ತಾ ಮತ್ತು ಪ್ರಸಾರ ಮಂತ್ರಿಯಾದ ಬಿ. ವಿ. ಕೇಸ್ಕರ್ ಹತ್ತು ವರ್ಷ ಆ ಖಾತೆಯಲ್ಲಿದ್ದರು. ಸಿನಿಮಾ ಸಂಗೀತ ಜನರ ಅಭಿರುಚಿಯನ್ನು ಕೆಡಿಸುತ್ತದೆ ಎಂದು ಬಗೆದು ಅದನ್ನು ಆಕಾಶವಾಣಿಯಿಂದ ಬಹುಮಟ್ಟಿಗೆ ದೂರವಿಟ್ಟರು. ಕೇಳುಗರು ರೇಡಿಯೋ ಸಿಲೋನಿನ ಕಡೆ ತಿರುಗಿದರು. ಅದೇ ವರ್ಷದ ಕೊನೆಗೆ ಶುರುವಾದ ‘ಬಿನಾಕಾ ಗೀತಮಾಲಾ’ ದೇಶದ ಮನೆಮಾತಾಯಿತು. ಹಾಗಾದರೆ ಬೆರಕೆಯ ದಿನ ಎಂಬುದು ಜನರು ತೊರೆದುಹೋದ ದಿನವಲ್ಲವೇ ಎಂಬುದು ಪ್ರಶ್ನೆ. ನನ್ನ ಉತ್ತರ ಹೀಗಿದೆ. ಕೇಸ್ಕರ್ ಅವರ ತಪ್ಪು ಬೆರಕೆಯ ತತ್ವದಿಂದ ಹುಟ್ಟಿದ್ದಲ್ಲ, ಅದನ್ನು ಮುರಿದದ್ದರಿಂದ ಹುಟ್ಟಿದ್ದು. ಜನ ಪ್ರೀತಿಸುವ ಹಾಡನ್ನು ಅವರು ಪಂಕ್ತಿಯಿಂದ ಎಬ್ಬಿಸಿ ಹೊರಗೆ ಕೂರಿಸಿದರು. 1957ರ ಅಕ್ಟೋಬರಿನಲ್ಲಿ ವಿವಿಧ ಭಾರತಿ ಬಂದಾಗ ಆ ಹಾಡಿಗೆ ಜಾಗ ಸಿಕ್ಕಿತು, ಆದರೆ ಬೇರೆಯ ಮನೆಯಲ್ಲಿ. ಮೊದಲು ತಿರಸ್ಕಾರದಿಂದ, ಆಮೇಲೆ ಸಮಾಧಾನಪಡಿಸುವ ಉದ್ದೇಶದಿಂದ, ಎರಡು ಸಲವೂ ಜನಪ್ರಿಯವಾದದ್ದನ್ನು ಗಂಭೀರವಾದದ್ದರಿಂದ ಅಗಲಿಸಲಾಯಿತು. ಲೈಟ್ ಮತ್ತು ಥರ್ಡ್ ಪ್ರೋಗ್ರಾಂಗಳ ನಡುವಿನ ಗೋಡೆ ನಮ್ಮಲ್ಲೂ ಎದ್ದದ್ದು ಹೀಗೆ.

ಎರಡನೆಯ ಆಕ್ಷೇಪ ಸ್ವಾತಂತ್ರ್ಯದ ಹೆಸರಿನಲ್ಲಿ ಬರುತ್ತದೆ. ಬೇರೆ ವಾಹಿನಿ ಇಲ್ಲದ್ದರಿಂದ ಜನ ಕೇಳಿದರು, ಅದನ್ನು ಗುಣವೆಂದು ಹೊಗಳುವುದು ಒತ್ತಾಯವನ್ನು ಹೊಗಳಿದಂತೆ ಎನ್ನುವವರಿದ್ದಾರೆ. ಸಿಲೋನಿನ ಉದಾಹರಣೆಯೇ ಇದಕ್ಕೆ ಉತ್ತರ. ಕೇಳುಗರು ಸೆರೆಯಲ್ಲಿರಲಿಲ್ಲ, ಗುಂಡಿ ತಿರುಗಿಸುವುದು ಅವರಿಗೆ ಗೊತ್ತಿತ್ತು, ತಿರುಗಿಸಿದರು ಕೂಡ. ಆದರೂ ಮಳೆಯ ಸುದ್ದಿಗೆ, ಧಾರಣೆಗೆ, ನಾಟಕಕ್ಕೆ, ವಾರ್ತೆಗೆ ಅವರಿಗೆ ಬೇಕಾದದ್ದು ಇದ್ದದ್ದು ಧಾರವಾಡದಲ್ಲಿ. ಆಯ್ಕೆ ಎಂಬುದಕ್ಕೆ ಎರಡು ಮುಖಗಳಿವೆ. ಗೊತ್ತಿರುವ ಹತ್ತರಲ್ಲಿ ಒಂದನ್ನು ತೆಗೆದುಕೊಳ್ಳುವುದು ಒಂದು ಮುಖ. ಗೊತ್ತೇ ಇಲ್ಲದ ಹನ್ನೊಂದನೆಯದು ಎದುರಿಗೆ ಬರುವುದು ಇನ್ನೊಂದು. ಎರಡನೆಯದು ಇಲ್ಲದೆ ಮೊದಲನೆಯದು ಬೆಳೆಯುವುದಿಲ್ಲ. ರಾಗವನ್ನು ಎಂದೂ ಕೇಳದವನಿಗೆ ರಾಗವನ್ನು ಬೇಡವೆನ್ನುವ ಸ್ವಾತಂತ್ರ್ಯವೂ ಇರುವುದಿಲ್ಲ.

ಮೂರನೆಯ ಆಕ್ಷೇಪ ಇನ್ನೂ ಗಂಭೀರವಾದದ್ದು. ಆ ಒಂದೇ ಅಲೆ ಸರಕಾರದ ಕೈಯಲ್ಲಿತ್ತು. 1975ರಿಂದ 1977ರವರೆಗಿನ ತುರ್ತುಪರಿಸ್ಥಿತಿಯಲ್ಲಿ ಆಕಾಶವಾಣಿ ಆಳುವವರ ಬಾಯಾಗಿ ನಡೆದುಕೊಂಡಿತು. ಇದನ್ನು ಮುಚ್ಚಿಡಲಾಗದು, ಮುಚ್ಚಿಡಲೂಬಾರದು. ಒಂದೇ ಅಲೆ ಕೆಟ್ಟ ಕೈಗೆ ಸಿಕ್ಕರೆ ಎಲ್ಲರಿಗೂ ಒಂದೇ ಸುಳ್ಳು ತಲುಪುತ್ತದೆ ಎಂಬ ಅಪಾಯ ನಿಜ. ಆದರೆ ದಿನದ ಬೆರಕೆ ಬೇರೆ, ಒಡೆತನ ಬೇರೆ. ಬಿಬಿಸಿ ಜನರ ಲೈಸೆನ್ಸ್ ಹಣದಿಂದ ನಡೆಯುತ್ತಿತ್ತು; 1956ರ ಸುಯೆಜ್ ಬಿಕ್ಕಟ್ಟಿನಲ್ಲಿ ಪ್ರಧಾನಿ ಈಡನ್ ಅವರ ಒತ್ತಡದ ನಡುವೆಯೇ ವಿರೋಧ ಪಕ್ಷದ ನಾಯಕರ ಮಾತನ್ನೂ ಬಿತ್ತರಿಸಿತು. ನಮ್ಮಲ್ಲಿ 1978ರಲ್ಲಿ ವರ್ಗೀಸ್ ಸಮಿತಿ ಸ್ವಾಯತ್ತತೆಯನ್ನು ಶಿಫಾರಸು ಮಾಡಿತು. ಪ್ರಸಾರ ಭಾರತಿ ಕಾಯಿದೆ 1990ರಲ್ಲಿ ಬಂದು 1997ರಲ್ಲಷ್ಟೇ ಜಾರಿಯಾಯಿತು. ಅಲೆಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟು 1995ರಲ್ಲಿ ಹೇಳಿತು. ಸಾರ್ವಜನಿಕ ಸ್ವತ್ತು ಎಂದರೆ ಸರಕಾರದ ಸ್ವತ್ತೂ ಅಲ್ಲ, ವ್ಯಾಪಾರಿಯ ಸ್ವತ್ತೂ ಅಲ್ಲ. ಆ ತೀರ್ಪಿನ ಅರ್ಥವನ್ನು ನಾವು ಇನ್ನೂ ಪೂರ್ತಿ ಬದುಕಿಗೆ ತಂದುಕೊಂಡಿಲ್ಲ. ಬೆರಕೆಯ ದಿನವನ್ನು ಬಯಸುವವರು ಮೊದಲು ನಿಲಯದ ಸ್ವಾಯತ್ತತೆಯನ್ನು ಬಯಸಬೇಕು ಎಂದು ನಾನು ಸ್ಪಷ್ಟವಾಗಿ ಹೇಳುತ್ತೇನೆ.

ನಾಲ್ಕನೆಯ ಆಕ್ಷೇಪ ನ್ಯಾಯದ್ದು. ರೇಡಿಯೋ ಯಾರ ಮನೆಯಲ್ಲಿತ್ತು, ಸ್ಟುಡಿಯೋದೊಳಗೆ ಯಾರ ದನಿಗೆ ಪ್ರವೇಶವಿತ್ತು? 1950ರ ದಶಕದ ವಾಲ್ವ್ ಸೆಟ್ಟು ದುಬಾರಿ, ಅಂಚೆ ಕಚೇರಿಯಲ್ಲಿ ವರ್ಷವರ್ಷ ಲೈಸೆನ್ಸ್ ಮಾಡಿಸಬೇಕು, ಹಳ್ಳಿಗೆ ವಿದ್ಯುತ್ತಿಲ್ಲ. ಗೋಕಾಕದಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಗೇ ಜಲಪಾತದ ಶಕ್ತಿಯಿಂದ ಗಿರಣಿ ನಡೆದಿದ್ದರೂ ಸುತ್ತಲಿನ ಮನೆಗಳಿಗೆ ದೀಪ ಬರಲು ದಶಕಗಳು ಹಿಡಿದವು. ಹುಕ್ಕೇರಿ ತಾಲ್ಲೂಕಿನ ಜನ 1969ರಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವನ್ನೇ ಕಟ್ಟಿಕೊಂಡು ಈ ಕೊರತೆಗೆ ತಾವೇ ದಾರಿ ಹುಡುಕಿದರು. ಸಮುದಾಯದ ಸೆಟ್ಟುಗಳು, ಆಮೇಲೆ ಅಗ್ಗದ ಟ್ರಾನ್ಸಿಸ್ಟರುಗಳು ಕೇಳುಗರ ವಲಯವನ್ನು ಹಿಗ್ಗಿಸಿದವು. ಕೇಳುವ ಕಡೆಯ ಅಸಮಾನತೆ ಹೀಗೆ ಸ್ವಲ್ಪ ಸ್ವಲ್ಪ ಕರಗಿತು. ಹಾಡುವ, ಮಾತಾಡುವ ಕಡೆಯದು ಅಷ್ಟು ಬೇಗ ಕರಗಲಿಲ್ಲ. ಹಾರ್ಮೋನಿಯಂ ಮೇಲೆ ಆಲ್ ಇಂಡಿಯಾ ರೇಡಿಯೋ 1940ರಲ್ಲಿ ಹಾಕಿದ ನಿರ್ಬಂಧ ಮೂರು ದಶಕ ಉಳಿಯಿತು. ಪಾರಿಜಾತದ ಆಟಕ್ಕೂ ಊರೂರಿನ ಭಜನೆಗೂ ಅದೇ ಮುಖ್ಯ ವಾದ್ಯ. ಬೆಳತನಕ ನಡೆಯುವ ಆಟವನ್ನು ಅರ್ಧ ತಾಸಿನ ಚೌಕಟ್ಟು ಹೇಗೆ ಹಿಡಿದೀತು? ಇಲ್ಲಿ ಆಕ್ಷೇಪ ಪೂರ್ತಿ ಸರಿ, ನಾನು ಒಪ್ಪುತ್ತೇನೆ. ಆದರೆ ಇದರಿಂದ ತೀರ್ಮಾನವಾಗುವುದು ಬೆರಕೆ ಸಾಲದೆ ಹೋಯಿತು ಎಂಬುದು. ಬೆರಕೆ ಬೇಡವಾಗಿತ್ತು ಎಂಬುದಲ್ಲ.

ಕೊನೆಯ ಆಕ್ಷೇಪ ಈ ಕಾಲದ್ದು. ಕೈಯಲ್ಲಿ ಫೋನಿರುವಾಗ ಬೇಕಾದ ಹಾಡು, ಬೇಕಾದ ಸುದ್ದಿ, ಬೇಕಾದ ಕೃಷಿ ಸಲಹೆ ಬೇಕೆಂದಾಗ ಸಿಗುತ್ತದೆ. ಹಳೆಯ ದಿನಚರಿಯ ಹಂಗೇಕೆ? ಸಿಗುವುದು ನಿಜ, ಅದರಿಂದ ಆದ ಲಾಭ ದೊಡ್ಡದು. ಆದರೆ ಫೋನಿನ ಹಿಂದಿರುವ ವ್ಯವಸ್ಥೆ ನಾವು ನಿನ್ನೆ ನೋಡಿದ್ದನ್ನು ಲೆಕ್ಕ ಹಾಕಿ ಇವತ್ತು ಅದನ್ನೇ ಬಡಿಸುತ್ತದೆ. ಕಬ್ಬಿನವನಿಗೆ ಕಬ್ಬು, ಜಾತ್ರೆಯವನಿಗೆ ಜಾತ್ರೆ, ಸಿಟ್ಟಿನವನಿಗೆ ಸಿಟ್ಟು. ಒಂದೇ ಮನೆಯ ನಾಲ್ವರು ನಾಲ್ಕು ಲೋಕದಲ್ಲಿ ಇರುತ್ತಾರೆ. 2001ರ ಜುಲೈನಲ್ಲಿ ಬೆಂಗಳೂರಿನಿಂದ ಶುರುವಾದ ಖಾಸಗಿ ಎಫ್ಎಂ ವಾಹಿನಿಗಳು ಹಾಡಿನ ಲೋಕಕ್ಕೆ ಸೀಮಿತವಾದವು. ಸ್ವಂತ ಸುದ್ದಿ ಪ್ರಸಾರಕ್ಕೆ ಅವುಗಳಿಗೆ ಅನುಮತಿ ಕೊಡಲೇ ಇಲ್ಲ. ಹೇಲಿ ಅವರ ಪಿರಮಿಡ್ಡಿನಲ್ಲಿ ಮೂರು ಅಂತಸ್ತುಗಳಿದ್ದವು. ಇಂದು ಎಷ್ಟು ಜನರೋ ಅಷ್ಟು ಕೋಣೆಗಳು. ಪಕ್ಕದ ಕೋಣೆಯ ದನಿ ಕೇಳದ ಜನ ಪಕ್ಕದವರ ಬಗ್ಗೆ ಏನನ್ನು ಹೇಳಿದರೂ ನಂಬುತ್ತಾರೆ. ಇಂದಿನ ಸಾರ್ವಜನಿಕ ಬದುಕಿನ ಬಿರುಕುಗಳಿಗೆ ಇದೊಂದೇ ಕಾರಣವೆಂದು ನಾನು ಹೇಳುವುದಿಲ್ಲ. ಇದು ಮುಖ್ಯ ಕಾರಣಗಳಲ್ಲಿ ಒಂದು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಹಾಗಾದರೆ ಮಾಡಬೇಕಾದದ್ದೇನು? ಹಳೆಯ ನಿಲಯದ ಏಕಸ್ವಾಮ್ಯವನ್ನು ಮರಳಿ ತರುವುದು ಸಾಧ್ಯವೂ ಇಲ್ಲ, ನ್ಯಾಯವೂ ಅಲ್ಲ. ತರಬೇಕಾದದ್ದು ಅದರ ಕ್ರಮವನ್ನು. ಧಾರವಾಡ ನಿಲಯ ಇನ್ನೂ ನಮ್ಮೆದುರಿಗಿದೆ. ಸ್ಥಳೀಯ ಕಾರ್ಯಕ್ರಮ ನಿರ್ಮಾಣಕ್ಕೆ ಸಿಬ್ಬಂದಿ, ಹಣ, ಹೊತ್ತು ಕೊಡಬೇಕೆಂದು ಈ ಭಾಗದ ಜನಪ್ರತಿನಿಧಿಗಳು ಕೇಳಬೇಕು. ಸಮುದಾಯ ಬಾನುಲಿಯ ದಾರಿಯೂ ತೆರೆದಿದೆ. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ‘ನಮ್ಮ ಧ್ವನಿ’ ಹಳ್ಳಿಯವರ ಕೈಯಿಂದಲೇ ನಡೆದು ತೋರಿಸಿತು; ಧಾರವಾಡದ ಕೃಷಿ ವಿಶ್ವವಿದ್ಯಾಲಯ 2007ರಲ್ಲಿ ತನ್ನದೇ ಸಮುದಾಯ ಬಾನುಲಿ ಆರಂಭಿಸಿತು. ಗೋಕಾಕ, ಹುಕ್ಕೇರಿ, ಮೂಡಲಗಿಯ ಕಾಲೇಜುಗಳು, ಸಹಕಾರಿ ಸಂಘಗಳು ಕೂಡಿ ಇಂಥದೊಂದನ್ನು ಕಟ್ಟಬಹುದು. ಕಟ್ಟಿದರೆ ಅದರ ದಿನವನ್ನು ಬರಿಯ ಹಾಡಿಗಾಗಲಿ, ಬರಿಯ ಕೃಷಿಗಾಗಲಿ, ಬರಿಯ ಪ್ರವಚನಕ್ಕಾಗಲಿ ಬಿಟ್ಟುಕೊಡಬಾರದು. ಮೂಡಲಗಿಯ ದನದ ಸಂತೆಯ ಧಾರಣೆ, ಸಂಕೇಶ್ವರದ ಮೆಣಸಿನಕಾಯಿಯ ಧಾರಣೆ, ಪಾರಿಜಾತದ ಪೂರ್ಣ ಆಟ, ಸಿನಿಮಾ ಹಾಡು, ಹೆಣ್ಣುಮಕ್ಕಳ ಸ್ವಸಹಾಯ ಸಂಘದ ಮಾತು, ಗಡಿಯ ಮರಾಠಿ ಅಭಂಗ, ಶಾಲೆಯ ಮಕ್ಕಳ ನಾಟಕ ಒಂದರ ಪಕ್ಕ ಒಂದು ಬರಬೇಕು. ಯಾರ ದನಿ ಅಂದು ಸ್ಟುಡಿಯೋ ಬಾಗಿಲಲ್ಲೇ ನಿಂತಿತೋ ಅವರ ದನಿಗೆ ಮೊದಲ ಹೊತ್ತು ಸಿಗಬೇಕು. ಜೊತೆಗೆ ನಮ್ಮ ಹಿರಿಯ ಕಲಾವಿದರ, ಒಕ್ಕಲಿಗರ, ಗಿರಣಿ ಕಾರ್ಮಿಕರ ದನಿಗಳನ್ನು ಈಗಲೇ ಮುದ್ರಿಸಿ ತಾಲ್ಲೂಕು ಗ್ರಂಥಾಲಯಗಳಲ್ಲಿ ಇಡಬೇಕು. ಕಾರ್ಯಕ್ರಮ ಪಟ್ಟಿಗಳನ್ನು ಸಂಗ್ರಹಿಸಿ ವಿದ್ಯಾರ್ಥಿಗಳ ಸಂಶೋಧನೆಗೆ ಒದಗಿಸಬೇಕು.

ಪ್ರಜಾಪ್ರಭುತ್ವ ಮತದಾನದ ದಿನ ಮಾತ್ರ ನಡೆಯುವ ಕೆಲಸವಲ್ಲ. ತನಗೆ ಸಂಬಂಧವಿಲ್ಲವೆಂದು ತೋರುವ ಇನ್ನೊಬ್ಬರ ಮಾತನ್ನು ಪೂರ್ತಿ ಕೇಳುವ ತಾಳ್ಮೆ ದಿನದಿನವೂ ಬೇಕು, ಮತ್ತು ಅದು ರೂಢಿಯಿಂದ ಬರುವಂಥದ್ದು. 1950ರಿಂದ ಕೆಲವು ದಶಕಗಳ ಕಾಲ ಒಂದು ಬಡ ನಿಲಯದ ಒಂದೇ ಅಲೆ ಆ ರೂಢಿಯನ್ನು, ತಾನೇ ಅರಿಯದೆ, ನಮಗೆ ಮಾಡಿಸಿತು. ಈಗ ಅರಿತು ಮಾಡುವ ಸರದಿ ನಮ್ಮದು. ಅನುಕೂಲ ಅಂದಿಗಿಂತ ನೂರು ಪಾಲು ಹೆಚ್ಚಿದೆ, ಹೊಣೆಯೂ ಅಷ್ಟೇ ಹೆಚ್ಚಿದೆ.